ಹಲ್ಲಿನಿಂದ ಕೇಳುವ ಅಡೆಲಾ

ಅಡೆಲಾ ಬುಸ್ತಿಯೋಸ್ ಮೂವತ್ತೊಂದು ವರ್ಷ ನಮ್ಮೂರಿನವರ ಬಾಯಿ ಬಿಡಿಸಿದವರು. ಪೊಲೀಸ್ ಠಾಣೆಯಲ್ಲಲ್ಲ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ಡಾಕ್ಟರು ಒಳಗೆ ಬರುವ ಮುಂಚೆ ಹಲ್ಲಿನ ಮೇಲೆ ಕಟ್ಟಿದ ಪಾಚಿಯನ್ನು ಕೆರೆದು ತೆಗೆಯುವ ಕೆಲಸ ಅವರದು. ನಮ್ಮ ಕಡಲತಡಿಯ ಊರು ಓಷನ್‌ಸೈಡಿನ ಬೀದಿಯಲ್ಲಿ ಇವತ್ತಿಗೂ ಅವರು ಮುಖ ನೋಡಿ ಯಾರನ್ನೂ ಗುರುತಿಸುವುದಿಲ್ಲ. ಎದುರಿನವರು ನಕ್ಕರೆ ಮಾತ್ರ, "ಓಹೋ, ಎಡಗಡೆ ಕೆಳಗಿನ ದವಡೆ, ಚೆನ್ನಾಗಿದೀಯಾ?" ಎಂದು ವಿಚಾರಿಸುತ್ತಾರೆ.

ನಿವೃತ್ತಿಯಾದ ಮೇಲೆ ಅವರು ಪ್ರತಿ ಶನಿವಾರ ರಸ್ಟಿ ಕಿಟ್ರಿಜ್‌ನ ಸ್ಕೇಟ್‌ಬೋರ್ಡ್ ಅಂಗಡಿಯ ಹಿಂಬದಿಯ ಬೆಂಚಿನಲ್ಲಿ ಕೂತು ಚಕ್ರದ ಬೇರಿಂಗ್ ತೊಳೆಯತೊಡಗಿದರು. ಅಂಗಡಿಗೆ ಅಂಟಿಕೊಂಡೇ ನನ್ನ ಲಾಂಡ್ರಿ. ಹಾಗಾಗಿ ತೊಳೆಯುವವರ ಕಷ್ಟ ತೊಳೆಯುವವರಿಗೇ ಗೊತ್ತು ಎಂಬ ನಂಟು ನಮ್ಮಲ್ಲಿ ಬೆಳೆಯಿತು.

ಒಂದು ಬೋರ್ಡಿಗೆ ನಾಲ್ಕು ಚಕ್ರ, ಚಕ್ರಕ್ಕೆ ಎರಡು ಬೇರಿಂಗ್, ಒಂದೊಂದು ಬೇರಿಂಗಿನೊಳಗೆ ಒಳ್ಳೆಮೆಣಸಿನ ಕಾಳಿನಷ್ಟು ದಪ್ಪದ ಏಳು ಉಕ್ಕಿನ ಗುಂಡು. ಬಿದ್ದವನಿಗೆ ನಾವು ಹೇಳುವುದೂ 'ಏಳು' ಎಂದೇ. ಇದು ಬರೀ ಕಾಕತಾಳೀಯ ಎಂದು ನಾನಂತೂ ನಂಬಿಲ್ಲ. ಈ ಏಳೂ ಒಂದಕ್ಕೊಂದು ತಾಗದಂತೆ ನಡುವೆ ಬಳೆಯಾಕಾರದ ತೆಳ್ಳನೆಯ ಪ್ಲಾಸ್ಟಿಕ್ ಪಂಜರ ಇರುತ್ತದೆ. ನಮ್ಮ ಕಾನ್ವೆಂಟಿನಲ್ಲಿ ಹುಡುಗ ಹುಡುಗಿಯರ ಬೆಂಚುಗಳ ಮಧ್ಯೆ ಕೋಲು ಹಿಡಿದು ನಿಲ್ಲುತ್ತಿದ್ದ ಸಿಸ್ಟರ್ ಬರ್ನಡೆಟ್ ಮಾಡುತ್ತಿದ್ದದ್ದು ಇದೇ ಕೆಲಸ. ಸಿಸ್ಟರ್ ರಜೆ ಹಾಕಿದ ದಿನ ಏನಾಗುತ್ತಿತ್ತೋ, ಪಂಜರ ಮುರಿದ ದಿನ ಬೇರಿಂಗಿನೊಳಗೂ ಅದೇ ಆಗುತ್ತದೆ.

ನಮ್ಮೂರಿನಲ್ಲಿ ಕಡಲ ಮರಳು ಎಲ್ಲಿ ಬೇಕಾದರೂ ನುಗ್ಗುತ್ತದೆ. ಅದರ ಮೇಲೆ ಉಪ್ಪುಗಾಳಿ. ಮೂರು ವಾರ ಉದಾಸೀನ ಮಾಡಿದರೆ ಬೇರಿಂಗ್ ಮುದುಕನ ಮೊಣಕಾಲಿನಂತೆ ಕರಕರ ಎನ್ನುತ್ತದೆ. ಅಡೆಲಾ ಚಕ್ರ ಕಳಚಿ, ಹಲ್ಲು ಕೆರೆಯುವ ಮೊನೆಗಡ್ಡಿಯಿಂದ ಬೇರಿಂಗಿನ ಮುಚ್ಚಳವನ್ನು ಡೊಂಕಾಗದಂತೆ ಎಬ್ಬಿಸಿ, ಎಂಟನ್ನೂ ಸ್ಪಿರಿಟ್ ತುಂಬಿದ ಡಬ್ಬಿಯಲ್ಲಿ ನೆನೆಹಾಕುತ್ತಾರೆ. ಈ ಡಬ್ಬಿಗಳು ಕ್ಲಿನಿಕ್ಕಿನಲ್ಲಿ ಮಿಕ್ಕಿ ಅವರು ತಂದವು, ಹಲ್ಲುಸೆಟ್ಟು ಇಡುವ ಗುಲಾಬಿ ಬಣ್ಣದ ಡಬ್ಬಿಗಳು. ಒಂದೊಂದರ ಮೇಲೂ ಗಿರಾಕಿಯ ಹೆಸರು. ಹೊಸಬರು ಬೆಂಚಿನ ಸಾಲು ನೋಡಿ, ಈ ಊರಿನಲ್ಲಿ ಇಪ್ಪತ್ತು ವರ್ಷದವರಿಗೇ ಹಲ್ಲು ಉದುರಿವೆ ಎಂದು ಗಾಬರಿಯಾಗುತ್ತಾರೆ. ಆಮೇಲೆ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ತಣ್ಣನೆಯ ಗಾಳಿಯಲ್ಲಿ ಒಣಗಿಸಿ, ಸಿರಿಂಜಿನಿಂದ ಎರಡೇ ಹನಿ ಎಣ್ಣೆ ಬಿಡುತ್ತಾರೆ. ಒಂದು ಬೋರ್ಡಿಗೆ ಮುಕ್ಕಾಲು ಗಂಟೆ.

ಇಷ್ಟನ್ನು ಕೈ ಇರುವ ಯಾರು ಬೇಕಾದರೂ ಮಾಡಬಹುದು. ನಾನು ಬಾಯಿ ತೆರೆದು ನಿಂತದ್ದು ಮುಂದಿನದಕ್ಕೆ.

ಅಡೆಲಾಗೆ ಕಿವಿ ಕೇಳುವುದಿಲ್ಲ. ಕಿವಿಯೊಳಗೆ ಸದ್ದನ್ನು ದಾಟಿಸುವ ಪುಟ್ಟ ಮೂಳೆಗಳಿವೆಯಲ್ಲ, ಅವು ಐವತ್ತರ ಸುಮಾರಿಗೆ ಬಿಗಿದುಕೊಂಡವು. "ನನ್ನ ಕಿವಿ ಬೇರಿಂಗ್ ಹಿಡ್ಕೊಂಡಿದೆ," ಎಂದು ಅವರೇ ಹೇಳುತ್ತಾರೆ. ಒಂದು ಕಿವಿಗೆ ಆಪರೇಷನ್ ಆಗಿ ಇದ್ದದ್ದೂ ಹೋಯಿತು. ಇನ್ನೊಂದಕ್ಕೆ ಯಂತ್ರ ಸಿಕ್ಕಿಸಿದರೆ ತಗಡಿನ ಡಬ್ಬಿಯೊಳಗೆ ಕೂತಂತಾಗುತ್ತದೆ ಎಂದು ಅದನ್ನು ಡ್ರಾಯರಿನಲ್ಲಿ ಮಲಗಿಸಿದ್ದಾರೆ. ಜನರ ಮಾತನ್ನು ತುಟಿ ನೋಡಿ ಓದುತ್ತಾರೆ.

ಆದರೆ ಬೇರಿಂಗಿನ ಮಾತನ್ನು ಹಲ್ಲಿನಿಂದ ಕೇಳುತ್ತಾರೆ. ಹಲ್ಲು ನೋಡುವ ಪುಟ್ಟ ಕನ್ನಡಿಯ ಉಕ್ಕಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಅದರ ಇನ್ನೊಂದು ತುದಿಯನ್ನು ಚಕ್ರದ ಅಚ್ಚಿಗೆ ತಾಗಿಸಿ, ಚಕ್ರ ತಿರುಗಿಸಿ ಕಣ್ಣು ಮುಚ್ಚುತ್ತಾರೆ. ಸದ್ದು ಉಕ್ಕಿನಿಂದ ಹಲ್ಲಿಗೆ, ಹಲ್ಲಿನಿಂದ ತಲೆಬುರುಡೆಗೆ ಹತ್ತಿ, ಕೆಟ್ಟ ಬಾಗಿಲನ್ನು ಬಿಟ್ಟು ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗುತ್ತದೆ. ಇದನ್ನು ಊರಿನವರು ಹೇಳಿದಾಗ ದಂತಕಥೆ ಅಂದುಕೊಂಡಿದ್ದೆ. ಒಂದು ದಿನ ನನ್ನ ಲಾಂಡ್ರಿಗೆ ಬಂದವರು ಬಟ್ಟೆ ಒಣಗಿಸುವ ಯಂತ್ರಕ್ಕೆ ಆ ಹಿಡಿ ತಾಗಿಸಿ, "ಇದರ ಹಿಂದಿನ ಬೇರಿಂಗ್ ಅಳ್ತಾ ಇದೆ, ಹದಿನೈದು ದಿನ ಅಷ್ಟೆ," ಎಂದರು. ನಾನು ನಕ್ಕೆ. ಹದಿಮೂರನೆಯ ದಿನ ಯಂತ್ರ ಯಾರದೋ ಹೊದಿಕೆಗಳ ಸಮೇತ ಕಿರುಚಿ ನಿಂತಿತು.

"ಮನೇಲಿ ಫ್ರಿಜ್ ಕೇಳಿದೀನಿ, ಮಿಕ್ಸಿ ಕೇಳಿದೀನಿ. ಕೇಳಿದ್ದೇ ಕೇಳಿ ಸಾಕಾಯ್ತು," ಎಂದು ಒಮ್ಮೆ ಅವರು ನನಗೆ ಹೇಳಿದ್ದರು. "ಶನಿವಾರ ಬೆಂಚಲ್ಲಿ ಕೂತರೆ ಹೊಸ ದನಿ ಬರುತ್ತೆ ನೋಡು. ಇವನು ಎಡಗಾಲಿಗೆ ಭಾರ ಹಾಕ್ತಾನೆ, ಇವಳು ಮಳೇಲಿ ಓಡಿಸಿದಾಳೆ, ಇವನು ಯಾರಿಗೋ ಬೋರ್ಡು ಕೊಟ್ಟು ಸುಳ್ಳು ಹೇಳ್ತಿದಾನೆ. ಆರು ದಿನ ನನಗೆ ಊರು ಮೂಕಿ. ಏಳನೇ ದಿನ ಮಾತಾಡುತ್ತೆ."

ಆ ಬೆಂಚಿಗೇ ಕುತ್ತು ಬಂತು. ಕಿಟ್ರಿಜ್ ಗಾಳಿ ಹೊಡೆಯುವ ಯಂತ್ರವೊಂದನ್ನು ತಂದ.

ಕಿಟ್ರಿಜ್ ಕೆಟ್ಟವನಲ್ಲ. ಐವತ್ತೆರಡು ವರ್ಷ, ಎರಡು ಸಲ ಬಿದ್ದು ಕೊರಳೆಲುಬಿಗೆ ಲೋಹದ ಪಟ್ಟಿ ಹಾಕಿಸಿಕೊಂಡವನು, ಮೇಲ್ದುಟಿಯ ಮೇಲೆ ಪೊರಕೆಯಂಥ ಕೆಂಚು ಮೀಸೆ. ಅಡೆಲಾಗೆ ಊರಿನಲ್ಲಿ ಓದಲಿಕ್ಕೆ ಬಾರದ ಒಂದೇ ಪುಸ್ತಕ ಅವನ ಬಾಯಿ.

"ಐದು ನಿಮಿಷ, ಅಡೆಲಾ," ಎಂದ ಅವನು. "ಪೇಂಟ್ ತೆಗೆಯೋ ನೀರಲ್ಲಿ ರಾತ್ರಿಯೆಲ್ಲ ನೆನೆಹಾಕು, ಬೆಳಗ್ಗೆ ಗಾಳಿ ಹೊಡಿ, ಮುಗೀತು."

"ಮೀಸೆ ಎತ್ತಿ ಹೇಳು."

ಅವನು ಎರಡು ಬೆರಳಿನಿಂದ ಮೀಸೆ ಎತ್ತಿ ಹಿಡಿದು, ಇನ್ನೊಮ್ಮೆ ಹೇಳಿದ.

"ಹಲ್ಲುಜ್ಜೋಕೂ ನೀನು ಹತ್ತು ಸೆಕೆಂಡೇ ತಗೋತಿದ್ದೆ, ಮಿಹೋ. ಅದರ ಫಲ ನಾನು ಕಣ್ಣಾರೆ ನೋಡಿದೀನಿ," ಎಂದರು ಅಡೆಲಾ. ಮಿಹೋ ಎಂದರೆ ಅವರ ಸ್ಪ್ಯಾನಿಷಿನಲ್ಲಿ ಮಗನೇ ಎಂದು. ಬೈಯುವಾಗ ಅವರಿಗೆ ಎಲ್ಲರೂ ಮಕ್ಕಳೇ.

ಕಿಟ್ರಿಜ್ ಬೇರಿಂಗಿಗೆ ಗಾಳಿ ಹಿಡಿದ. ಅದು ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗಿ ಸೀಟಿಯಂತೆ ಕೂಗಿತು. ಆ ಕೂಗು ಕೇಳಿದರೆ ನಮ್ಮ ಸ್ಕೇಟಿನವರಿಗೆ ಮೈ ಜುಮ್ಮೆನ್ನುತ್ತದೆ. ಅಂಗಡಿಯಲ್ಲಿದ್ದ ನಾಲ್ಕೈದು ಮಂದಿ ಸುತ್ತ ನೆರೆದರು. ಚಕ್ರಕ್ಕೆ ಹಾಕಿ ಬೆರಳಿನಿಂದ ಚಿಮ್ಮಿದರೆ ಒಂದೂವರೆ ನಿಮಿಷ ತಿರುಗಿತು. ಅಡೆಲಾ ತೊಳೆದ ಚಕ್ರವನ್ನೂ ಚಿಮ್ಮಿದರು. ಒಂಬತ್ತು ಸೆಕೆಂಡಿಗೆ ನಿಂತಿತು.

"ಒಣಗಿದ ಬಾಯಿ ಜಾಸ್ತಿ ಮಾತಾಡುತ್ತೆ," ಎಂದರು ಅಡೆಲಾ. "ಕೈಯಲ್ಲಿ ತಿರುಗೋದೇ ಬೇರೆ, ಮೇಲೆ ಮನುಷ್ಯ ನಿಂತಾಗ ತಿರುಗೋದೇ ಬೇರೆ. ಎಣ್ಣೆ ಬೇಕಾಗೋದು ಭಾರ ಬಿದ್ದಾಗ."

ಕಿಟ್ರಿಜ್ ಅಡೆಲಾಗೆ ಬೆನ್ನು ಮಾಡಿ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದ: "ಕಿವಿ ಸತ್ತಿದೆ, ಹಲ್ಲಲ್ಲಿ ಕೇಳ್ತೀನಿ ಅಂತಾಳೆ. ಎಷ್ಟು ದಿನ ಅಂತ ನಾಟಕ ನೋಡೋದು, ಹೇಳು. ಬೆಂಚು ನನಗೂ ಬೇಕು."

ದನಿ ತಗ್ಗಿಸುವ ಅಗತ್ಯವಿರಲಿಲ್ಲ. ಎದುರಿನ ಗಾಜಿನ ಕಪಾಟಿನಲ್ಲಿ ಅವನ ಮುಖ ಅಡೆಲಾಗೆ ಕಾಣುತ್ತಿತ್ತು.

"ಅರ್ಧ ಓದಿದೆ," ಎಂದರು ಅಡೆಲಾ. "ಇನ್ನರ್ಧ ಮೀಸೆ ಕೆಳಗಿತ್ತು, ನಾನೇ ತುಂಬಿಕೊಂಡೆ. ಒಂದು ತಳ್ಳಿಗೆ ಬಾ. ಸೋತರೆ ಬೆಂಚು ಬಿಡ್ತೀನಿ."

ಒಂದು ತಳ್ಳು ಎನ್ನುವುದು ನಮ್ಮೂರಿನ ಸುಪ್ರೀಂ ಕೋರ್ಟು. ಸಮುದ್ರಕ್ಕೆ ಇಳಿಯುವ ರಸ್ತೆಯ ತುದಿಯಲ್ಲಿ ನಿಂತು, ಕಾಲಿನಿಂದ ಒಂದೇ ಸಲ ತಳ್ಳಿ, ಇಳಿಜಾರು ಇಳಿದು, ಕೆಳಗಿನ ಸಮತಟ್ಟಿನಲ್ಲಿ ಬೋರ್ಡು ತಾನಾಗಿ ನಿಲ್ಲುವವರೆಗೆ ಅಲ್ಲಾಡದೆ ನಿಲ್ಲಬೇಕು. ನಿಂತಲ್ಲಿ ಸೀಮೆಸುಣ್ಣದ ಗೆರೆ. ಯಾರದು ದೂರವೋ ಅವರ ಮಾತು ನಡೆಯುತ್ತದೆ. ಹಿಂದೊಮ್ಮೆ ಗಂಡ ಹೆಂಡತಿ ಬೇರೆಯಾದಾಗ ನಾಯಿ ಯಾರಿಗೆ ಎನ್ನುವುದೂ ಇಲ್ಲೇ ತೀರ್ಮಾನವಾಯಿತು. ನ್ಯಾಯ ಸಮನಾಗಿರಲೆಂದು ಎರಡು ಬೋರ್ಡನ್ನೂ ಒಬ್ಬರೇ ಓಡಿಸುವುದು ವಾಡಿಕೆ. ಕಿಟ್ರಿಜ್ ತಾನೇ ಓಡಿಸುತ್ತೇನೆಂದ. ಅವನು ಮೋಸ ಮಾಡುವವನಲ್ಲ ಎಂದು ಅಡೆಲಾಗೂ ಗೊತ್ತಿತ್ತು.

ಭಾನುವಾರ ಬೆಳಗ್ಗೆ ಎಂಟಕ್ಕೆ ಇಪ್ಪತ್ತು ಮೂವತ್ತು ಜನ, ಕೈಯಲ್ಲಿ ಕಾಫಿ, ಬಗಲಲ್ಲಿ ಬೋರ್ಡು. ತಳ್ಳುವ ಮುಂಚೆ ಒಬ್ಬರ ಚಕ್ರವನ್ನು ಇನ್ನೊಬ್ಬರು ನೋಡುವ ಪದ್ಧತಿಯಿದೆ. ಕಿಟ್ರಿಜ್ ಅಡೆಲಾರ ಚಕ್ರ ಚಿಮ್ಮಿದ. ಅದು ಸುಮ್ಮನೆ ನಾಲ್ಕು ಸುತ್ತು ಸುತ್ತಿ ನಿಂತಿತು.

"ಬೋರ್ಡಿಗೂ ರಿಟೈರ್ ಆಯ್ತಾ, ದೋನ್ಯಾ ಅಡೆಲಾ?" ಎಂದು ಹಿಂದಿನಿಂದ ಯಾರೋ, ಹಿರಿಯ ಹೆಂಗಸರನ್ನು ಕರೆಯುವ ಗೌರವದಲ್ಲೇ, ಕೇಳಿದರು. ಅಡೆಲಾಗೆ ಕೇಳಿಸಲಿಲ್ಲ, ಕೆಲವೊಮ್ಮೆ ಅದೂ ಒಂದು ಅನುಕೂಲ.

ಅವರು ಕಿಟ್ರಿಜ್‌ನ ಬೋರ್ಡನ್ನು ಬೆನ್ನಮೇಲೆ ಮಲಗಿಸಿ, ಕನ್ನಡಿಯ ಹಿಡಿಯನ್ನು ಸ್ಪಿರಿಟ್ಟಿನಿಂದ ಒರೆಸಿ ಕಚ್ಚಿಕೊಂಡರು. ಮೊದಲ ಚಕ್ರ. ಎರಡನೆಯದು. ಮೂರನೆಯದಕ್ಕೆ ತಾಗಿಸಿ ಕಣ್ಣು ಮುಚ್ಚಿದವರು ತೆರೆಯಲಿಲ್ಲ. ಬಸುರಿಯ ಹೊಟ್ಟೆಗೆ ಕಿವಿಯಿಟ್ಟ ಸೂಲಗಿತ್ತಿಯ ಮುಖ ಅದು. ಕಾಫಿ ಹೀರುತ್ತಿದ್ದವರು ಹೀರುವುದನ್ನು ನಿಲ್ಲಿಸಿದರು. ಅಲೆ ಒಂದು ಬಂದು ಹೋಯಿತು, ಇನ್ನೊಂದು ಬಂದು ಹೋಯಿತು.

"ಒಳಗಡೆ ಬೇರಿಂಗಲ್ಲಿ ಎರಡು ಗುಂಡು ಮೈಗೆ ಮೈ ತಾಗಿಸ್ಕೊಂಡು ಓಡ್ತಿವೆ," ಎಂದರು. "ಪಂಜರ ಮುರಿದಿದೆ. ಇದನ್ನ ಹತ್ತಬೇಡ."

ಕಿಟ್ರಿಜ್ ಬೋರ್ಡನ್ನು ಎತ್ತಿ ರಸ್ತೆಯ ತುದಿಯಲ್ಲಿಟ್ಟು, ಒಂದು ಕಾಲು ಇಟ್ಟ. "ಸೋಲೋರಿಗೆ ನೆಪ ಬೇಕು."

ಅಡೆಲಾ ನನ್ನ ಕಡೆ ನೋಡಿದರು. "ಏನಂದ?"

ನಾನು ಹೇಳಿದೆ.

"ನೆಪ ಯಾಕೋ ನನಗೆ? ಸುಮ್ಮನಿದ್ದರೆ ಗೆಲ್ತೀನಿ. ಇಳಿಜಾರಿನ ಅರ್ಧದಲ್ಲಿ ಚಕ್ರ ಕಚ್ಕೊಳ್ಳುತ್ತೆ, ಬೋರ್ಡು ನಿಲ್ಲುತ್ತೆ. ನೀನು ನಿಲ್ಲಲ್ಲ."

ಅವನು ಎರಡನೆಯ ಕಾಲನ್ನು ತಳ್ಳಲು ಹಿಂದಕ್ಕೆ ಎಳೆದ. ನಮ್ಮೂರಿನಲ್ಲಿ ಒಂದು ತಳ್ಳಿಗೆ ನಿಂತವನು ಇಳಿದರೆ ಅದಕ್ಕಿಂತ ಅವಮಾನವಿಲ್ಲ. ಅವನು ಇಳಿಯುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು.

ಅಡೆಲಾ ಬಗ್ಗಿ, ನೆಲದ ಮೇಲಿದ್ದ ಸೀಮೆಸುಣ್ಣ ಎತ್ತಿ, ತಮ್ಮ ಬೋರ್ಡು ಇದ್ದಲ್ಲೇ, ಅದು ಒಂದು ಗೇಣೂ ಚಲಿಸುವ ಮುಂಚೆಯೇ, ಅದರ ಮುಂದೆ ಗೆರೆ ಎಳೆದರು.

"ನಾನು ಸೋತೆ," ಎಂದರು. "ನನ್ನ ಬೋರ್ಡು ಇಲ್ಲಿಗೇ ನಿಂತಿತು. ನೋಡಿ, ಎಲ್ಲಾರೂ ನೋಡಿ. ಬೆಂಚು ನಿಂದೇ, ರಸ್ಟಿ. ಗೆದ್ದಾಯ್ತಲ್ಲ, ಈಗ ಇಳಿ."

ಅಡೆಲಾ ಬಿಟ್ಟುಕೊಟ್ಟದ್ದು ಒಂದು ಮರದ ಹಲಗೆ ಎಂದು ಅಲ್ಲಿದ್ದವರು ಅಂದುಕೊಂಡಿದ್ದರು. ಅದು ಅವರ ಕಿವಿ ಎಂದು ಗೊತ್ತಿದ್ದವಳು ನಾನೊಬ್ಬಳೇ. ಕಿಟ್ರಿಜ್ ಇಳಿದ. ಗೆದ್ದವನ ಮುಖ ಅಷ್ಟು ಪೆಚ್ಚಾಗಿದ್ದದ್ದನ್ನು ನಾನು ಇನ್ನೊಮ್ಮೆ ಕಂಡಿಲ್ಲ.

ಅಡೆಲಾ ತಮ್ಮ ಮೊನೆಗಡ್ಡಿಯನ್ನು ಅವನಿಗೆ ಚಾಚಿದರು. "ಬಹುಮಾನ. ಮೂರನೇ ಚಕ್ರ, ಒಳಗಿಂದು. ನೀನೇ ತೆಗಿ, ನಾನು ಕೈ ಹಾಕಿದರೆ ಜಾದೂ ಅಂತೀಯ."

ಅವನು ರಸ್ತೆಯಲ್ಲೇ ಕುಕ್ಕರಗಾಲಿನಲ್ಲಿ ಕೂತು ಚಕ್ರ ಕಳಚಿ, ಬೇರಿಂಗ್ ಕಿತ್ತು, ಮುಚ್ಚಳ ಎಬ್ಬಿಸಿದ. ರಾತ್ರಿಯೆಲ್ಲ ಪೇಂಟ್ ತೆಗೆಯುವ ನೀರು ಕುಡಿದು ಗರಿಗರಿಯಾಗಿ, ಗಾಳಿಯ ಹೊಡೆತಕ್ಕೆ ಸಿಡಿದ ಪಂಜರ ಮೂರು ಚೂರಾಗಿ ಅವನ ಅಂಗೈಗೆ ಉದುರಿತು. ಏಳು ಗುಂಡುಗಳೂ ಒಂದೇ ಮೂಲೆಗೆ ಓಡಿ ಅಂಟಿ ನಿಂತವು. ಬೆರಳು ಹಾಕಿ ತಿರುಗಿಸಲು ನೋಡಿದ. ತಿರುಗಲಿಲ್ಲ. ಇನ್ನೊಂದು ಕೈ ತಾನಾಗಿ ಕೊರಳೆಲುಬಿನ ಪಟ್ಟಿಯ ಮೇಲೆ ಹೋಯಿತು.

ಬಹಳ ಹೊತ್ತಿನ ಮೇಲೆ ಅವನು ಕೈ ಚಾಚಿದ, ಆ ಕನ್ನಡಿಯ ಹಿಡಿಗಾಗಿ. ಅಡೆಲಾ ಅದನ್ನು ಚೆನ್ನಾಗಿ ಒರೆಸಿ ಕೊಟ್ಟರು. ಅವನು ಕಚ್ಚಿ, ಅಡೆಲಾರ ಬೋರ್ಡಿನ ಅಚ್ಚಿಗೆ ತಾಗಿಸಿ, ಚಕ್ರ ತಿರುಗಿಸಿದ. ಮೀಸೆ ನಡುಗಿತು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಸಾಲು ನಿಂತರು, ಅಡೆಲಾ ಪ್ರತಿ ಬಾಯಿಗೂ ಮುಂಚೆ ಹಿಡಿಯನ್ನು ಸ್ಪಿರಿಟ್ಟಿನಿಂದ ಒರೆಸಿದರು, ಇಬ್ಬರನ್ನು ಒಸಡಿನ ಕಾರಣಕ್ಕೆ ವಾಪಸ್ ಕಳಿಸಿದರು. ನನ್ನ ಸರದಿಯೂ ಬಂತು. ಹೊರಗೆ ಚಕ್ರ ಸದ್ದಿಲ್ಲದೆ ತಿರುಗುತ್ತಿತ್ತು. ನನ್ನ ತಲೆಯೊಳಗೆ, ಎಲ್ಲೋ ದೂರದ ಅಂಗಳದಲ್ಲಿ ಯಾರೋ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು, ಒಂದು ಕಾಳೂ ಚೆಲ್ಲದಂತೆ. ಅಷ್ಟು ವರ್ಷ ಪಕ್ಕದಲ್ಲೇ ಇದ್ದು ನಾನು ಇದನ್ನು ಕೇಳಿರಲಿಲ್ಲ. ಕಿವುಡು ಯಾರಿಗೆ ಎಂಬ ಪ್ರಶ್ನೆ ಬಂತು. ಹಿಡಿಯನ್ನು ಮುಂದಿನವರಿಗೆ ದಾಟಿಸಿದೆ.

ಮುಂದಿನ ಶನಿವಾರ ಅಡೆಲಾ ಅಂಗಡಿಗೆ ಹೋಗಲಿಲ್ಲ. ಸೋತವರು ಸೋತಂತಿರಬೇಕು ಎಂದು ನನ್ನ ಲಾಂಡ್ರಿಯಲ್ಲಿ ಕೂತು ಒಣಗುವ ಯಂತ್ರಗಳನ್ನು ಒಂದೊಂದಾಗಿ ಕೇಳುತ್ತಿದ್ದರು. ಹತ್ತೂವರೆಗೆ ಒಬ್ಬ ಅಪರಿಚಿತ ಬಾಗಿಲು ತಳ್ಳಿ ಬಂದ. ಎರಡು ಕೈಯಲ್ಲೂ ಗುಲಾಬಿ ಡಬ್ಬಿಗಳು. ಮೂಗಿನ ಕೆಳಗೆ ಬಿಸಿಲು ಕಾಣದ ಬಿಳಿ ಚರ್ಮ, ಅದರಲ್ಲೊಂದು ಹಸಿ ಗಾಯ. ನನಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು.

"ಡಬ್ಬಿ ತುಂಬಿ ಕೂತಿವೆ, ಅಡೆಲಾ," ಎಂದ ಕಿಟ್ರಿಜ್, ಒಂದೊಂದು ಪದವನ್ನೂ ಬಿಡಿಸಿ. "ಬೆಂಚು ಖಾಲಿ ಇದೆ. ನೀನಿಲ್ಲದೆ ಅದು ಬರೀ ಹಲಗೆ. ಬರ್ತೀಯಾ?"

ಅಡೆಲಾ ಅವನ ತುಟಿಯನ್ನೇ ನೋಡುತ್ತಿದ್ದರು. ಕಿವಿ ಹೋದ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆ ಪುಸ್ತಕವನ್ನು ಪೂರ್ತಿ ಓದಿದವರಂತೆ ಕೈಚೀಲ ಎತ್ತಿಕೊಂಡು ಎದ್ದರು.

"ಬರ್ತೀನಿ," ಎಂದರು. "ಇನ್ನೊಂದು ಸಲ ಬಾಯಿ ತೆಗಿ. ಮೇಲಿನ ಸಾಲಲ್ಲಿ ಎಷ್ಟು ಪಾಚಿ ಕಟ್ಟಿಸ್ಕೊಂಡಿದೀಯೋ, ಮಿಹೋ."