ಪಶುವೈದ್ಯರು ಸಹಿ ಹಾಕಿದ ವಿಮಾನದ ಕಾಗದ

ಶಿಕಾರಿಪುರದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅದರ ಬೋರ್ಡಿನ ಕೆಳಗೆ ‘ಕಂಪ್ಯೂಟರ್, ಇಂಟರ್‌ನೆಟ್’ ಎಂದು ಹೊಸ ಬಣ್ಣದಲ್ಲಿ ಬರೆಸಿದರು. ನಡೆಸುತ್ತಿದ್ದ ಮೇಡಂ ಟೈಪಿಂಗ್ ಚೆನ್ನಾಗಿ ಕಲಿಸುತ್ತಿದ್ದರು. ಇಂಟರ್‌ನೆಟ್ ವಿಷಯದಲ್ಲಿ ಅವರಿಗೂ ನಮಗೂ ಹೆಚ್ಚು ಅಂತರವಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಆ ವರ್ಷ ನನ್ನ ಅಕ್ಕನ ಮಗಳು ಚೊಚ್ಚಲ ಬಸುರಿ. ಗಂಡನಿಗೆ ದೆಹಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ. ಏಳನೇ ತಿಂಗಳಲ್ಲಿ ತವರಿಗೆ ಕರೆತರಬೇಕೆಂದು ಅಕ್ಕ ತಯಾರಾಗಿದ್ದಳು, ಅಷ್ಟರಲ್ಲಿ ಡಾಕ್ಟರು ಪ್ರಯಾಣ ಕೂಡದು ಎಂದುಬಿಟ್ಟರು. ಮಗಳು ಬರಲಾಗದಿದ್ದರೆ ಹೆರಿಗೆಯ ಹೊತ್ತಿಗೆ ತಾಯಿಯೇ ಹೋಗಬೇಕು. ಆದರೆ ಅಕ್ಕನ ಬೆನ್ನುಮೂಳೆ ಸವೆದಿತ್ತು. ಸೊರಬದ ಕಡೆಯ ಹೊಸಬಾಳೆಯಿಂದ ನಮ್ಮನೆಗೆ ಬಸ್ಸಿನಲ್ಲಿ ಬಂದರೆ ಒಂದು ಗಂಟೆ ಚಾಪೆಯ ಮೇಲೆ ಮಲಗದೆ ಮಾತೇ ಆಡುತ್ತಿರಲಿಲ್ಲ. ಎರಡು ದಿನದ ರೈಲು ಅವಳಿಂದ ಆಗದ ಮಾತು.

“ಇಂಟರ್‌ನೆಟ್ಟಿನಾಗೆ ಹುಡುಕಿದ್ರೆ ವಿಮಾನ ಅಗ್ಗಕ್ಕೆ ಸಿಗ್ತಾವಂತೆ,” ಎಂದರು ನಮ್ಮ ಯಜಮಾನರು. ಎಲ್ಲಿ ಕೇಳಿದ್ದರೋ.

“ಹಂಗಾರೆ ಒಂದು ಲಾಡ್ಜೂ ಹುಡುಕ್ಬೇಕು,” ಎಂದರು ಅಕ್ಕನ ಗಂಡ, ನಮ್ಮ ಭಾವ. “ಅಳಿಯಂದು ಒಂದೇ ಕೋಣೆ ಮನೆ. ಹೆಣ್ಣು ಕೊಟ್ಟೋರು ಅಲ್ಲಿ ತಿಂಗಳುಗಟ್ಟಲೆ ಉಣ್ಣೋದಾ?”

ಅಕ್ಕ, ಭಾವ, ನಾನು ಮೂವರೂ ಇನ್‌ಸ್ಟಿಟ್ಯೂಟಿಗೆ ಹೋದೆವು. ಮೇಡಂ ಫೋನಿನ ತಂತಿ ಸಿಕ್ಕಿಸಿದರು. ಅದು ಕಿರ್ರೋ ಎಂದು ಕೂಗಿ, ಎರಡು ಸಲ ಕಟ್ಟಾಗಿ, ಮೂರನೆಯ ಸಲ ಹಿಡಿಯಿತು. ಎಲ್ಲಿಂದ ಹೊರಡುತ್ತೀರಿ ಎಂದು ಕೇಳುವ ಜಾಗ ಬಂತು.

“ಸೊರಬ ಅಂತ ಹಾಕ್ರಿ,” ಅಂದಳು ಅಕ್ಕ.

“ಇದ್ರಾಗೆ ಸೊರಬ ಇಲ್ರೀ.”

“ಶಿಕಾರಿಪುರ?”

“ಅದೂ ಇಲ್ಲ.”

“ಮತ್ತೆ ಇದಕ್ಕೇನು ಗೊತ್ತೈತೆ ಮಣ್ಣು!” ಎಂದರು ಭಾವ.

ಬೆಂಗಳೂರು ಇತ್ತು. ದರ ಮಾತ್ರ ಡಾಲರಿನಲ್ಲಿ. ಮೇಡಂ ಕ್ಯಾಲ್ಕುಲೇಟರ್ ಒತ್ತಿ ರೂಪಾಯಿ ಹೇಳುವಷ್ಟರಲ್ಲಿ ಲೈನು ಹೋಯಿತು. ಮತ್ತೆ ಬಂದಾಗ ದರ ಬೇರೆಯಾಗಿತ್ತು. ನಾವು ತಪ್ಪು ನೋಡಿದೆವೋ, ಅದೇ ಮನಸ್ಸು ಬದಲಿಸಿತೋ ತಿಳಿಯಲಿಲ್ಲ.

“ಇದಕ್ಕಿಂತ ನಮ್ಮ ಶುಂಠಿ ಮಂಡಿ ವಾಸಿ. ದಿನಕ್ಕೊಂದೇ ರೇಟು,” ಎಂದು ಭಾವ ಗೊಣಗುತ್ತಿರುವಾಗಲೇ ಹಳೆಯ ದರ ಮರಳಿ ಕಾಣಿಸಿತು. ಅವರು ಎದ್ದೇ ನಿಂತರು. “ಇದನ್ನೇ ಹಿಡ್ಕೊಳ್ರಿ ಮೇಡಂ! ಬದಲಾಗೋದ್ರೊಳಗೆ ಪ್ರಿಂಟ್ ತೆಗೀರಿ!”

ಪ್ರಿಂಟ್ ಬಂತು. ಎರಡೂ ಅಂಚಿಗೆ ತೂತುಗಳಿದ್ದ ಹಾಳೆ. ಒಂದರಲ್ಲಿ ಗುರುವಾರದ ವಿಮಾನ, ಇಬ್ಬರಿಗೆ. ಇನ್ನೊಂದರಲ್ಲಿ ಲಾಡ್ಜಿನ ಮಸಿಮಸಿ ಚಿತ್ರ. ದರ ಹಾಳೆಗೆ ಬಿದ್ದ ಮೇಲೆ ಸೀಟು ನಮ್ಮದೇ ಎಂದು ನಾವು ಮೂವರೂ ನಂಬಿದೆವು. ಮೇಡಂ ಅಲ್ಲವೆನ್ನಲಿಲ್ಲ.

ಭಾವನಿಗೆ ಒಂದು ಕೊರತೆ ಕಂಡಿತು: ಮೊಹರಿಲ್ಲ. ಪಹಣಿ, ಖಾತೆ ಅಂತ ತಾಲೂಕು ಕಚೇರಿಗೆ ಅಲೆದವರು ಅವರು. ಮೊಹರಿಲ್ಲದ ಕಾಗದ ಅವರ ಲೆಕ್ಕದಲ್ಲಿ ಕಾಗದವೇ ಅಲ್ಲ. ಹಸಿರು ಶಾಯಿಯಲ್ಲಿ ಸಹಿ ಹಾಕುವ ಅಧಿಕಾರಿಗಳಲ್ಲಿ ಅವರಿಗೆ ಸಲಿಗೆ ಇದ್ದದ್ದು ತಮ್ಮ ಎಮ್ಮೆಗಳನ್ನು ನೋಡುತ್ತಿದ್ದ ಪಶುವೈದ್ಯರೊಬ್ಬರ ಹತ್ತಿರ. ಅಲ್ಲಿ ನಡೆದದ್ದನ್ನು ಅವರೇ ಬಂದು ಹೇಳಿದರು.

“ಡಾಕ್ಟ್ರು ಕೇಳಿದ್ರು, ‘ಇದು ನಕಲು, ಮೂಲ ಎಲ್ಲೈತೆ ಗೌಡ್ರೇ?’ ಮೂಲ ಕಂಪ್ಯೂಟರಿನಾಗೇ ಉಳೀತು ಸ್ವಾಮಿ ಅಂದೆ. ಹಂಗಾರೆ ಸರಿ ಅಂತ ಸಹಿ ಹಾಕಿ ಹೊಡೆದ್ರು ಸೀಲು.”

ಆ ಧೈರ್ಯದಲ್ಲಿ ದೆಹಲಿಗೆ ಫೋನ್ ಮಾಡಿ, ಗುರುವಾರ ಬರುತ್ತೇವೆ ಎಂದು ಹೇಳಿಯೂ ಆಯಿತು.

ನಾನು ಅಂಟಿನುಂಡೆ ಕಟ್ಟಿದೆ, ಬಾಣಂತಿ ಖಾರ ಪುಡಿ ಮಾಡಿದೆ, ಮಗುವಿಗೆಂದು ಹಳೆಯ ಹತ್ತಿ ಸೀರೆಗಳನ್ನು ಹರಿದು ಒಗೆದು ಮಡಿಸಿದೆ. ಸೋಮವಾರ, ವಿಮಾನದಲ್ಲಿ ಎಣ್ಣೆ ಬಾಟಲಿ ಬಿಡುತ್ತಾರೋ ಇಲ್ಲವೋ ಕೇಳೋಣವೆಂದು ಆ ಕಾಗದ ಹಿಡಿದುಕೊಂಡು ಮೇಡಂ ಹತ್ತಿರ ಹೋದೆ. ಅಲ್ಲಿ ಶಿವಮೊಗ್ಗದಿಂದ ಯಂತ್ರ ರಿಪೇರಿಗೆ ಬಂದವರೊಬ್ಬರಿದ್ದರು. ಕಾಗದ ತಿರುಗಿಸಿ ನೋಡಿದರು.

“ಅಮ್ಮಾ, ಇದು ಬರೀ ದರ ನೋಡಿದ್ದು. ಟಿಕೇಟು ಎಲ್ಲಿ?”

“ಸೀಲು ಐತಲ್ಲ?” ಅಂದೆ.

“ಸೀಲು ದನದ ಆಸ್ಪತ್ರೇದು.”

ಮೇಡಂ ಮುಖ ಕೆಂಪಾಯಿತು. ನಾನು ಮನೆಗೆ ಓಡಿ ಅಕ್ಕ ಭಾವನಿಗೆ ಸುದ್ದಿ ಮುಟ್ಟಿಸಿದೆ.

ಮಾರನೆಯ ದಿನ ಅಕ್ಕನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಶಿವಮೊಗ್ಗದ ಏಜೆಂಟರ ಬಳಿ ಓಡಿದೆವು. ಗುರುವಾರ ಜಾಗವಿಲ್ಲ, ಶನಿವಾರ ಇದೆ ಎಂದರು. ಒಂದು ಟಿಕೇಟಿನ ದರ ನಮ್ಮ ಕಾಗದದಲ್ಲಿದ್ದ ಎರಡು ಟಿಕೇಟಿನಷ್ಟು. ಯಾಕೆ ಹಾಗೆ ಎಂದು ಅವರು ವಿವರಿಸಿದರು, ನಾನು ತಲೆಯಾಡಿಸಿದೆ. ಇವತ್ತಿಗೂ ಅರ್ಥವಾಗಿಲ್ಲ.

“ನಾನಿಲ್ದೆ ನೀನೆಂಗೆ ಹೋಗ್ತೀಯ? ಹಿಂದಿ ಬರಲ್ಲ, ಬೆನ್ನು ಆಗಲ್ಲ,” ಎಂದರು ಭಾವ.

“ನಿಮಗೆ ಹೆರಿಗೆ ಮಾಡ್ಸಾಕೆ ಬರ್ತೈತೇನ್ರೀ?”

“ಇಲ್ಲ.”

“ಹಂಗಾರೆ ಒಂದೇ ಟಿಕೇಟು ತಗೊಳ್ರಿ.”

“ಲಾಡ್ಜು?”

“ಮಗಳ ಮಂಚದ ಪಕ್ಕ ಚಾಪೆ ಹಾಸ್ಕೊಂತೀನಿ. ಅಳಿಯನ ಅನ್ನ ಉಂಡ್ರೆ ಬಾಯಿ ಸೇದಿ ಹೋಗಲ್ಲ.”

ಶನಿವಾರ ಬೆಳಿಗ್ಗೆ ನಮ್ಮನೆಗೆ ಅಳಿಯನ ಫೋನು ಬಂತು: ನೋವು ಶುರುವಾಗಿದೆ, ಡಾಕ್ಟರು ಹೇಳಿದ್ದಕ್ಕಿಂತ ವಾರ ಮೊದಲೇ. ಅಷ್ಟರಲ್ಲಿ ಅಕ್ಕ ಬೆಂಗಳೂರಿನ ವಿಮಾನ ನಿಲ್ದಾಣದೊಳಗೆ ಹೋಗಿಬಿಟ್ಟಿದ್ದಳು. ತಿಳಿಸುವ ದಾರಿಯಿರಲಿಲ್ಲ. ಗುರುವಾರವೇ ಹೋಗಿದ್ದರೆ ಎಂದು ಇಡೀ ದಿನ ಅಂದುಕೊಂಡೆ. ಅವಳನ್ನು ಹತ್ತಿಸಿ ನಮ್ಮನೆಗೆ ಮರಳಿದ ಭಾವನಿಗೂ ಇದೇ ಸುದ್ದಿ ಕಾದಿತ್ತು. ತಟ್ಟೆ ಮುಂದಿಟ್ಟರೆ ಅನ್ನ ಕಲಸುತ್ತಾ ಕೂತರು, ಉಣ್ಣಲಿಲ್ಲ.

ಭಾನುವಾರ ಮಧ್ಯಾಹ್ನ ಫೋನಿನಲ್ಲಿ ಅಕ್ಕನದೇ ದನಿ.

“ಅಳಿಯ ವಿಮಾನದ ಹತ್ರ ಬಂದಿದ್ದ, ಸೀದಾ ಆಸ್ಪತ್ರೆಗೇ ಹೋದೆ ಕಣೇ. ಇನ್ನೂ ಆಗಿರ್ಲಿಲ್ಲ. ನನ್ನ ನೋಡಿದ್ದೇ ತಗೋ, ‘ಗುರುವಾರ ಅಂದೋಳು ಶನಿವಾರ ಬರೋದೇನವ್ವಾ’ ಅಂತ ಬೈಯ್ಯೋಕೆ ಹಿಡಿದ್ಲು. ಬೈತಾ ಬೈತಾನೇ ಹೆತ್ಲು. ಹೆಣ್ಣು!”

ನಾನು ಭಾವನಿಗೆ ಹೇಳಿದೆ. ಅವರು ರಿಸೀವರ್ ಕಸಿದುಕೊಂಡು, ಗದ್ದೆಯ ಆಚೆ ದಡಕ್ಕೆ ಕೂಗುವ ಹಾಗೆ ಕೂಗಿದರು:

“ಬೆನ್ನು ಹೆಂಗೈತೆ?”