ಒಂಟಿಚುಕ್ಕೆಗಾಗಿ ಮೂರು ಭಾನುವಾರ

ನನ್ನ ಅಕ್ಕ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಮೂವತ್ತೊಂದು ವರ್ಷದಿಂದ ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತು, ಪಕ್ಕೆಲುಬು ಮುರಿದವರಿಗೂ ಎದೆಯಲ್ಲಿ ಕಫ ಕಟ್ಟಿದವರಿಗೂ ಒಂದೇ ಮಾತು ಹೇಳುತ್ತ ಬಂದಿದ್ದಾಳೆ: “ಉಸಿರು ಬಿಗಿ ಹಿಡೀರಿ... ಹಾಂ, ಈಗ ಬಿಡಿ.” ಮನೆಯಲ್ಲೂ ಅದೇ ದನಿ. ನಾನು ಸಿಟ್ಟಿಗೆದ್ದು ಕೂಗಾಡಿದರೆ ಮುಗಿಯುವ ತನಕ ಸುಮ್ಮನೆ ಕೇಳಿಸಿಕೊಂಡು, ಕೊನೆಗೆ “ಹಾಂ, ಈಗ ಉಸಿರು ಬಿಡು” ಅನ್ನುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ಹೊಲಿಗೆಯವಳು. ಗಂಡನ ಮನೆ ಸಾಕಾಗಿ ಹೊಲಿಗೆ ಯಂತ್ರವೊಂದನ್ನು ಹೊರಿಸಿಕೊಂಡು ಅಕ್ಕನ ಎರಡು ಕೋಣೆಯ ಮನೆಗೆ ಬಂದವಳು, ಅಲ್ಲೇ ಉಳಿದುಬಿಟ್ಟೆ. ಮುಂದಿನ ಕೋಣೆಯಲ್ಲಿ ನನ್ನ ಯಂತ್ರ, ಶಾಲೆ ಸಮವಸ್ತ್ರದ ರಾಶಿ, ಕತ್ತರಿಸಿದ ಚೂರುಗಳು. ಹಿಂದಿನ ಕೋಣೆಯಲ್ಲಿ ಅಕ್ಕನ ಮಂಚ ಮತ್ತು ಚಿಟ್ಟೆಗಳು. ಜೀವಂತ ಚಿಟ್ಟೆಗಳಲ್ಲ, ಫೋಟೊಗಳು. ವಾರವಿಡೀ ಕತ್ತಲ ಕೋಣೆಯಲ್ಲಿ ಜನರ ಒಳಗನ್ನು ನೋಡುವವಳಿಗೆ ಬೇಸಿಗೆ ಬಂತೆಂದರೆ ಭಾನುವಾರ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಕ್ಯಾಮೆರಾ ಹೆಗಲಿಗೇರಿಸಿ, ಬಣ್ಣ ಮಾಸಿದ ಟೋಪಿ ಹಾಕಿಕೊಂಡು ಊರಾಚೆಯ ಹಳೆಯ ಕಲ್ಲುಕ್ವಾರಿಗೆ ಹೊರಡುತ್ತಾಳೆ. ಸಂಜೆ ಬರುವಾಗ ಮುಖ ಇಟ್ಟಿಗೆ ಬಣ್ಣ, ಸೀರೆಯಂಚಿಗೆಲ್ಲ ಮುಳ್ಳುಬೀಜ. ಆ ಬೀಜಗಳನ್ನು ಕೀಳುವ ಕೆಲಸ ನನ್ನದು.

ಇಷ್ಟೇ ಆಗಿದ್ದರೆ ಬರೆಯುವಂಥದ್ದೇನೂ ಇರಲಿಲ್ಲ. ಆದರೆ ಆರು ವರ್ಷದ ಹಿಂದೆ ನಾನು ಅವಳ ಮಾನ ಕಳೆದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಒಂದು ಬೆಳಿಗ್ಗೆ ಹಾಲು ತೆಗೆಯಲು ಫ್ರಿಜ್ ಬಾಗಿಲು ತೆರೆದರೆ ಪಾತ್ರೆಯ ಪಕ್ಕದಲ್ಲಿ ಅಕ್ಕನ ಊಟದ ಡಬ್ಬಿ. ನಿನ್ನೆಯದೇನೋ ಉಳಿದಿದೆ ಅಂದುಕೊಂಡು ಮುಚ್ಚಳ ತೆಗೆದೆ. ಒಳಗೆ ಒದ್ದೆ ಹತ್ತಿ, ಅದರ ಮೇಲೆ ಕಾಲು ಮಡಚಿಕೊಂಡ ಒಂದು ಹಳದಿ ಚಿಟ್ಟೆ. ಚಿಟ್ಟೆ ಫೋಟೊದವರಲ್ಲಿ ಕೆಲವರು ಮಾಡುವ ಕಳ್ಳಾಟ ಇದು ಎಂದು ಆಮೇಲೆ ತಿಳಿಯಿತು. ತಂಪಿಗೆ ಚಿಟ್ಟೆ ಮರಗಟ್ಟುತ್ತದೆ. ಹೊರಗೆ ತಂದು ಹೂವಿನ ಮೇಲೆ ಕೂರಿಸಿದರೆ, ಮೈ ಬಿಸಿಯಾಗಿ ಹಾರುವ ತನಕ ಕೆಲವು ನಿಮಿಷ ಅಲುಗಾಡದೆ ಕೂರುತ್ತದೆ. ಅಷ್ಟರಲ್ಲಿ ಎಷ್ಟು ಬೇಕಾದರೂ ಫೋಟೊ ಹೊಡೆಯಬಹುದು. ಅಕ್ಕ ಹದಿನೈದು ನಿಮಿಷಕ್ಕೆಂದು ಇಟ್ಟಿದ್ದಳಂತೆ. ಅಷ್ಟರಲ್ಲಿ ಬಸ್ಸು ಮಗುಚಿ ನಲವತ್ತು ಜನ ಗಾಯಾಳುಗಳು ಆಸ್ಪತ್ರೆಗೆ ಬಂದು, ಅವಳಿಗೆ ಕರೆ ಬಂದು, ಓಡಿದವಳು ತಿರುಗಿ ಬಂದದ್ದು ಮಾರನೆಯ ದಿನ. ಚಿಟ್ಟೆ ಸತ್ತಿತ್ತು. ಸತ್ತದ್ದನ್ನೇ ಹೂವಿನ ಮೇಲಿಟ್ಟು ಫೋಟೊ ತೆಗೆದಳು. ಊರಿನ ಚಿಟ್ಟೆ ಸಂಘದ ವಾರ್ಷಿಕ ಪ್ರದರ್ಶನದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು.

ಪ್ರದರ್ಶನಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಎಲ್ಲರೂ ಅವಳ ಸುತ್ತ ನಿಂತು ಹೊಗಳುತ್ತಿದ್ದರು. ಸಂಘದ ಕಾರ್ಯದರ್ಶಿ, ನಿವೃತ್ತ ಹಲ್ಲಿನ ಡಾಕ್ಟರು, ಇಂಥ ತಾಳ್ಮೆ ಈಗಿನವರಿಗೆಲ್ಲಿ ಬರಬೇಕು ಎಂದರು. ನನ್ನ ಬಾಯಿಗೆ ಮೊದಲೇ ಬೀಗವಿಲ್ಲ. “ತಾಳ್ಮೆ ಎಲ್ಲಿಂದ ಬಂತು ಸಾರ್, ನಮ್ಮ ಫ್ರಿಜ್ಜಲ್ಲಿ ಹಾಲಿನ ಪಕ್ಕ ಇದ್ದದ್ದೇ ಈ ಚಿಟ್ಟೆ” ಅಂದೆ. ತಮಾಷೆಗೆ ಅಂದೆ ಎಂದು ಆರು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಪೂರ್ತಿ ನಿಜವಲ್ಲ. ಅವಳನ್ನು ಅಷ್ಟು ಜನ ಹೊಗಳುವುದು ನೋಡಿ ಹೊಟ್ಟೆಯಲ್ಲಿ ಒಂಚೂರು ಕಿಚ್ಚು ಇತ್ತು. ಒಂದಿಬ್ಬರು ನಕ್ಕರು. ಡಾಕ್ಟರು ನಗಲಿಲ್ಲ. ಅಕ್ಕನ ಕಡೆ ತಿರುಗಿ ಹೌದೇ ಎಂದು ಕೇಳಿದರು. ಅವಳು ಹೌದು ಎಂದಳು.

ಬಹುಮಾನ ವಾಪಸು ಹೋಯಿತು. ಅಲ್ಲಿಂದಾಚೆ ಸಂಘದ ದಾಖಲೆ ಪುಸ್ತಕದಲ್ಲಿ ಅಕ್ಕ ಕಂಡೆನೆಂದು ಬರೆದು ಕಳಿಸಿದ ಪ್ರತಿ ಚಿಟ್ಟೆಯ ಮುಂದೆಯೂ ಕೆಂಪು ಶಾಯಿಯ ಪ್ರಶ್ನೆಚಿಹ್ನೆ. ಬೀದಿಬೀದಿಯಲ್ಲಿ ಹಾರುವ ಮಾಮೂಲಿ ಬಿಳಿ ಚಿಟ್ಟೆ ಕಂಡೆ ಎಂದರೂ ಪ್ರಶ್ನೆಚಿಹ್ನೆ. ಮನೆಗೆ ಬಂದ ರಾತ್ರಿ ಅವಳು ನನ್ನನ್ನು ಚೆನ್ನಾಗಿ ಬೈಯುತ್ತಾಳೆ ಎಂದು ಕಾದೆ. “ಇದ್ದದ್ದನ್ನೇ ಹೇಳಿದೀಯ ಬಿಡು” ಅಂದಳು ಅಷ್ಟೆ. ಬೈದಿದ್ದರೆ ಎಷ್ಟೋ ಮೇಲಿತ್ತು.

ಈ ಬೇಸಿಗೆಯ ಒಂದು ಭಾನುವಾರ ಅಕ್ಕ ಕ್ವಾರಿಯಿಂದ ಮಧ್ಯಾಹ್ನವೇ ಬಂದಳು. ಎರಡು ಲೋಟ ನೀರು ಕುಡಿದಳು, ಟೋಪಿ ತೆಗೆಯಲೂ ಮರೆತಿದ್ದಳು. ಒಂಟಿಚುಕ್ಕೆ ಕಂಡೆ ಎಂದಳು. ಹೆಬ್ಬೆರಳಿನ ಉಗುರಿನಷ್ಟು ಅಗಲದ ಬೂದು ಚಿಟ್ಟೆಯಂತೆ ಅದು. ಬೇಸಿಗೆಯಲ್ಲಿ ಒಂದೇ ತಿಂಗಳು ಹಾರುತ್ತದೆ. ನಮ್ಮ ಸೀಮೆಯಲ್ಲಿ ಅದು ಕಂಡು ಇಪ್ಪತ್ತು ವರ್ಷ ದಾಟಿತ್ತು. ರೆಕ್ಕೆ ಬಿಡಿಸಿದಾಗ ಬೇರೆ ಹತ್ತು ಬೂದು ಚಿಟ್ಟೆಗಳ ಹಾಗೇ ಕಾಣುತ್ತದೆ. ಕೂತು ರೆಕ್ಕೆ ಮಡಚಿದಾಗ ಮಾತ್ರ ಹಿಂದಿನ ರೆಕ್ಕೆಯ ಒಳಮೈಯಲ್ಲಿ ಒಂದೇ ಒಂದು ತಾಮ್ರದ ಬಣ್ಣದ ಚುಕ್ಕೆ. ಅವಳು ಚುಕ್ಕೆ ನೋಡಿದ್ದಳು, ಕ್ಯಾಮೆರಾ ಎತ್ತುವಷ್ಟರಲ್ಲಿ ಹಾರಿಹೋಗಿತ್ತು.

ಸಂಘ ಹತ್ತು ವರ್ಷಕ್ಕೊಮ್ಮೆ ಸೀಮೆಯ ಚಿಟ್ಟೆಗಳ ಪಟ್ಟಿ ಅಚ್ಚು ಹಾಕಿಸುತ್ತದೆ. ಈ ಸಲದ ಪಟ್ಟಿ ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಅಕ್ಕ ಡಾಕ್ಟರಿಗೆ ಚೀಟಿ ಬರೆದಳು. ಉತ್ತರ ಎರಡೇ ಸಾಲು: ಚಿಟ್ಟೆ ಜೀವಂತ ಅಂತ ಗೊತ್ತಾಗುವ ಹಾಗೆ ಚುಕ್ಕೆಯ ಫೋಟೊಗಳು ಸಾಲಾಗಿ ಬೇಕು, ಇಲ್ಲವೇ ಚುಕ್ಕೆಯನ್ನು ಕಣ್ಣಾರೆ ಕಂಡ ಇನ್ನೊಬ್ಬರು ಬಂದು ಹೇಳಬೇಕು.

“ನೀನು ಬಾ,” ಎಂದಳು ಅಕ್ಕ. “ನೀನು ಹೇಳಿದ್ರೆ ನಂಬ್ತಾರೆ.”

ಚುಚ್ಚಿ ಹೇಳಿದ್ದಲ್ಲ, ನನಗೆ ಗೊತ್ತು. ಆದರೂ ಚುಚ್ಚಿತು. ಅವಳಿಗೆ ಐವತ್ತಾರು. ಮುಂದಿನ ಪಟ್ಟಿಗೆ ಅರವತ್ತಾರು. ಬೇಕಾದದ್ದು ಚಿಟ್ಟೆಯಲ್ಲ, ಆ ಪ್ರಶ್ನೆಚಿಹ್ನೆ ಹೋಗಬೇಕು ಅಷ್ಟೆ. ಹೊಲಿಗೆ ಬದಿಗಿಟ್ಟು ಹೊರಟೆ.

ಮೊದಲ ಭಾನುವಾರ ಬಿಸಿಲಿಗೆ ಬೆಂದದ್ದೇ ಬಂತು. ಕ್ವಾರಿಯೆಂದರೆ ಊರು ಕಲ್ಲು ತೆಗೆದು ಬಿಟ್ಟುಹೋದ ದೊಡ್ಡ ಗುಂಡಿ. ಮೂರು ಕಡೆ ಬಿಳಿಗಲ್ಲಿನ ಗೋಡೆ, ತಳದಲ್ಲಿ ಬೆಳ್ಳಗಿನ ಗೊಂಚಲು ಹೂವಿನ ಕಳೆಗಿಡಗಳು. ಬಿಸಿಲು ಮೇಲಿನಿಂದ ಒಂದು ಸಲ ಸುಟ್ಟರೆ ಕಲ್ಲಿನಿಂದ ಇನ್ನೊಂದು ಸಲ ಸುಡುತ್ತಿತ್ತು. ಮಾತಾಡುವ ಹಾಗಿಲ್ಲ, ಕೊಡೆ ಬಿಡಿಸುವ ಹಾಗಿಲ್ಲ. ಚಿಟ್ಟೆ ನೆರಳಿಗೆ ಹೆದರುತ್ತದಂತೆ. ಎರಡನೆಯ ಭಾನುವಾರ ಅದು ಬಂತು. ಬೂದಿಯ ಚೂರೊಂದು ಗಾಳಿಯಲ್ಲಿ ತೇಲಿದ ಹಾಗೆ ಕಂಡಿತು. ಚೆನ್ನಾಗಿ ನೋಡೋಣ ಎಂದು ನಾನು ಅರ್ಧ ಎದ್ದೆ. ನನ್ನ ನೆರಳು ಹೂವಿನ ಮೇಲೆ ಬಿತ್ತು, ಚಿಟ್ಟೆ ಕಾಲುಕಿತ್ತಿತು. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡು ಬಂದೆ.

ಮೂರನೆಯ ಭಾನುವಾರವೇ ಕೊನೆಯದು. ಬುಧವಾರ ಪಟ್ಟಿ ಮುಗಿಯುತ್ತಿತ್ತು. ಒಂಬತ್ತಕ್ಕೆಲ್ಲ ಹೋಗಿ ಕೂತೆವು. ಅಕ್ಕ ಗೊಂಚಲುಗಳಿಗೆ ಎರಡು ಮೊಳ ದೂರದಲ್ಲಿ ಮಂಡಿಯೂರಿದಳು. ಎಡಗೈ ಲೆನ್ಸಿನ ಕೆಳಗೆ, ಬಲಗೈ ತೋರುಬೆರಳು ಶಟರಿನ ಗುಂಡಿಯ ಮೇಲೆ. ಅವಳ ಹಿಂದೆ ಒಂದು ಮಾರು ದೂರದಲ್ಲಿ ನಾನು ಕಲ್ಲಾಗಿ ಕೂತೆ. ಹತ್ತಾಯಿತು, ಹನ್ನೊಂದಾಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅನ್ನುತ್ತಾರಲ್ಲ, ನನ್ನ ಕಣ್ಣಿಗೆ ಬೆವರೇ ಇಳಿಯುತ್ತಿತ್ತು. ಒರೆಸಲು ಕೈ ಎತ್ತಲೂ ಭಯ. ಅಕ್ಕನ ಕತ್ತಿನ ಮೇಲೆ ಒಂದು ನೊಣ ಕೂತು, ಎದ್ದು, ಮತ್ತೆ ಕೂತಿತು. ಅವಳು ಅಲುಗಲಿಲ್ಲ.

ಹನ್ನೆರಡಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಅವಳ ಬೆನ್ನು ಬಿಗಿಯಾಯಿತು. ಉಸಿರು ಹಿಡಿದಳು ಎಂದು ಗೊತ್ತಾಯಿತು. ನಾನೂ ಹಿಡಿದೆ. ಬಲಗಡೆಯಿಂದ ಆ ಬೂದಿಯ ಚೂರು ಬಂತು. ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತು, ಮೊದಲಿಗಿಂತ ಚಿಕ್ಕದು. ಅಕ್ಕನ ಎದುರಿನ ಗೊಂಚಲಿನ ಮೇಲೆ ಇಳಿಯತೊಡಗಿತು. ಇನ್ನೇನು ಕೂರಬೇಕು, ರೆಕ್ಕೆ ಮಡಚಬೇಕು. ಅಷ್ಟರಲ್ಲಿ ಅಕ್ಕನ ಕೈ ಮುಂದೆ ಹೋಯಿತು. ಚಿಟ್ಟೆಗೂ ಹೂವಿಗೂ ನಡುವೆ ಕೈ ಅಡ್ಡ ಹಿಡಿದು ಮೆಲ್ಲಗೆ ಬೀಸಿದಳು. ಚಿಟ್ಟೆ ಮೇಲೆದ್ದಿತು, ಕಲ್ಲಿನ ಗೋಡೆ ದಾಟಿತು, ಹೋಯಿತು.

ನನ್ನ ಸಿಟ್ಟು ನೆತ್ತಿಗೇರಿತು. ತಲೆ ಕೆಟ್ಟಿದೆಯಾ ನಿನಗೆ ಎಂದು ಶುರುಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ನನ್ನ ಮೊಣಕೈ ಹಿಡಿದು ಗೊಂಚಲಿನ ಹತ್ತಿರ ಕೂರಿಸಿದಳು. ಎಷ್ಟೋ ಹೊತ್ತು ನನಗೆ ಹೂವಲ್ಲದೆ ಬೇರೇನೂ ಕಾಣಲಿಲ್ಲ. ಆಮೇಲೆ ಒಂದು ಹೂವಿಗೆ ಕಾಲುಗಳಿರುವುದು ಕಂಡಿತು. ಬಟಾಣಿ ಕಾಳಿನಷ್ಟು ದಪ್ಪದ ಬಿಳಿ ಜೇಡ, ಹೂವಿನದೇ ಬಣ್ಣ, ಮುಂದಿನ ಕಾಲುಗಳನ್ನು ಅಗಲಿಸಿ ಎತ್ತಿ ಹಿಡಿದುಕೊಂಡು ಕೂತಿತ್ತು.

“ಕೂತಿದ್ರೆ ನಂಗೆ ಒಂದು ಸೆಕೆಂಡು ಸಿಗ್ತಿತ್ತು,” ಎಂದಳು ಅಕ್ಕ. “ಜೇಡಕ್ಕೂ ಒಂದೇ ಸೆಕೆಂಡು ಸಾಕಿತ್ತು.”

ನಾಲ್ಕು ಗಂಟೆಯ ತನಕ ಕಾದೆವು. ಮತ್ತೆ ಬರಲಿಲ್ಲ.

ಚುಕ್ಕೆ ನಾನು ನೋಡಿರಲಿಲ್ಲ. ಆದರೆ ಆ ಚಿಟ್ಟೆ ಒಂಟಿಚುಕ್ಕೆಯೇ ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಕ್ಕ ನೋಡಿದ್ದೇನೆ ಅಂದಮೇಲೆ ನೋಡಿದ್ದಾಳೆ. ಮಂಗಳವಾರ ಅವಳು ಕೆಲಸಕ್ಕೆ ಹೋದಮೇಲೆ ಅವಳ ಚಿಟ್ಟೆ ಪುಸ್ತಕ ತೆಗೆದು ಒಂಟಿಚುಕ್ಕೆಯ ಪುಟವನ್ನು ಬಾಯಿಪಾಠ ಮಾಡಿದೆ: ತಾಮ್ರದ ಬಣ್ಣ, ಸುತ್ತ ಬಿಳಿ ಉಂಗುರ, ರೆಕ್ಕೆಯ ಹೊರ ಅಂಚಿಗೆ ಹತ್ತಿರ. ಕೆಡಿಸಿದವಳು ನಾನು, ಸರಿಮಾಡುವವಳೂ ನಾನೇ. ಬುಧವಾರ ಸಂಜೆ ಸಂಘದ ಕಡೆ ನಡೆಯುವಾಗ ಅಕ್ಕ ನನ್ನ ಮುಖ ನೋಡದೆ, “ನೋಡದ್ದನ್ನ ನೋಡಿದೆ ಅಂತ ಹೇಳ್ಬೇಡ” ಎಂದಳು. ನಿನ್ನ ಕೆಲಸ ನೀನು ನೋಡಿಕೋ ಎಂದೆ.

ಸಂಘವೆಂದರೆ ಕಾಗದದಂಗಡಿಯ ಮೇಲಿನ ಒಂದು ಕೋಣೆ. ಗೋಡೆಯುದ್ದಕ್ಕೂ ಬೀರುಗಳು, ನುಸಿಗುಳಿಗೆಯ ವಾಸನೆ, ಉದ್ದದ ಮೇಜು. ಡಾಕ್ಟರು ದಾಖಲೆ ಪುಸ್ತಕ ಬಿಚ್ಚಿಕೊಂಡು ಕೂತಿದ್ದರು. ಅಕ್ಕ ಬಾಗಿಲ ಹತ್ತಿರವೇ ನಿಂತಳು. ಅವರು ನನಗೆ ಕುರ್ಚಿ ತೋರಿಸಿ, ಕನ್ನಡಕ ಏರಿಸಿಕೊಂಡರು.

“ನೀವು ಚುಕ್ಕೆ ನೋಡಿದೆ ಅಂದ್ರೆ ಬರ್ಕೊಳ್ತೀನಿ. ಬೇರೇನೂ ಕೇಳಲ್ಲ,” ಎಂದರು. “ಸ್ವಂತ ಅಕ್ಕ ಅಂತಲೂ ನೋಡ್ದೆ ಅವತ್ತು ನಿಜ ಹೇಳಿದೋರು ನೀವು.”

ತಾಮ್ರದ ಬಣ್ಣ ನಾಲಿಗೆಯ ತುದಿಯಲ್ಲಿತ್ತು. ಒಂದು ಮಾತು, ಮುಗಿಯಿತು. ಅವರ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಅವತ್ತು ನಾನು ನಿಜ ಹೇಳಿದ್ದು ಹೊಟ್ಟೆಕಿಚ್ಚಿಗೆ. ಇವತ್ತು ಅದೇ ನಿಜದ ಹೆಸರಿನಲ್ಲಿ ಸುಳ್ಳು ಹೇಳಿದರೆ ಅಕ್ಕ ಅವತ್ತಿನ ಹಾಗೆ ಹೌದು ಎನ್ನುವವಳಲ್ಲ, ಅಲ್ಲ ಎಂದೇ ಹೇಳುತ್ತಾಳೆ. ಅವಳು ಅಂಥವಳು. ಬಾಗಿಲ ಕಡೆ ನೋಡಲು ಧೈರ್ಯವಾಗಲಿಲ್ಲ.

“ಚುಕ್ಕೆ ನೋಡಿಲ್ಲ ಸಾರ್,” ಎಂದೆ.

ಅವರು ಪೆನ್ನು ಕೆಳಗಿಟ್ಟರು. ನಾನು ನಿಲ್ಲಿಸಲಿಲ್ಲ. ನೋಡಿದ್ದನ್ನು ಹೇಳುತ್ತೇನೆ ಕೇಳಿ ಎಂದು ಮೂರು ಭಾನುವಾರದ ಕತೆಯನ್ನೆಲ್ಲ ಹೇಳಿದೆ. ನನ್ನ ನೆರಳು ಬಿದ್ದದ್ದು, ಕೊನೆಯ ದಿನ ಮೂರು ತಾಸು ಅವಳು ಮಂಡಿಯೂರಿದ್ದು, ಬಿಳಿ ಜೇಡ, ಅಡ್ಡ ಹೋದ ಕೈ. ಹೇಳುತ್ತ ಹೇಳುತ್ತ ಅಳು ಬಂತು, ಅಳುತ್ತಲೇ ಹೇಳಿದೆ.

“ಯಾವ ಕೈ?” ಎಂದು ಕೇಳಿದರು ಡಾಕ್ಟರು.

ಎಡಗೈ ಇರಬೇಕು ಎಂದೆ. ಬಲಗೈ ಶಟರಿನ ಮೇಲೆ ಇತ್ತಲ್ಲ.

“ಬಲಗೈ,” ಎಂದಳು ಅಕ್ಕ ಬಾಗಿಲಿಂದ. “ಎಡಗೈ ತೆಗೆದ್ರೆ ಕ್ಯಾಮೆರಾ ಬೀಳ್ತಿತ್ತು.”

ಡಾಕ್ಟರು ತಲೆಯೆತ್ತಿ, ಗುಂಡಿ ಒತ್ತಬೇಕಿದ್ದ ಅವಳ ಬಲಗೈ ನೋಡಿದರು. ಆಮೇಲೆ ಪಟ್ಟಿಯಲ್ಲಿ ಒಂಟಿಚುಕ್ಕೆಯ ಮುಂದಿನ ಜಾಗಕ್ಕೆ ಕಂಡಿಲ್ಲವೆಂದು ಒಂದು ಅಡ್ಡಗೆರೆ ಎಳೆದರು. ನಿಯಮ ನಿಯಮವೇ, ಇನ್ನು ಹತ್ತು ವರ್ಷ ಅದು ಹಾಗೇ ಇರುತ್ತದೆ. ಪುಸ್ತಕ ಮುಚ್ಚಿದರು. ಕೆಂಪು ಶಾಯಿಯ ಪೆನ್ನನ್ನು ಮೇಜಿನ ಮೇಲಿಂದ ತೆಗೆದು ಖಾನೆಯೊಳಗೆ ಹಾಕಿದರು.

“ಮುಂದಿನ ಬೇಸಿಗೆಯಿಂದ ನೀವು ಕಂಡದ್ದನ್ನ ಬರೆದು ಕಳಿಸಿ ಸಾಕು,” ಎಂದರು ಅಕ್ಕನಿಗೆ. “ಫೋಟೊ ಬೇಡ.”

ಅಕ್ಕ ತಲೆಯಾಡಿಸಿದಳು. ಮೆಟ್ಟಿಲಲ್ಲಿ ನನ್ನ ಮುಂದೆ ಇಳಿಯುತ್ತಿದ್ದವಳ ಬೆನ್ನು ಕ್ವಾರಿಯಲ್ಲಿದ್ದ ಹಾಗೇ ಬಿಗಿಯಾಗಿತ್ತು. ಅರ್ಧ ಇಳಿದಮೇಲೆ ಮೆಟ್ಟಿಲ ಕಂಬಿ ಹಿಡಿದು ನಿಂತುಬಿಟ್ಟಳು. ನಾನು ಹಿಂದಿನಿಂದ ಅವಳ ಹೆಗಲ ಮೇಲೆ ಕೈಯಿಟ್ಟು, ಆಸ್ಪತ್ರೆಯ ದನಿಯಲ್ಲೇ ಹೇಳಿದೆ.

“ಹಾಂ, ಈಗ ಉಸಿರು ಬಿಡಿ.”

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಆರು ವರ್ಷದ ಉಸಿರು, ಬಿಡಲು ಬಹಳ ಹೊತ್ತು ಹಿಡಿಯಿತು. ನಾನು ಪಕ್ಕದಲ್ಲಿ ಕೂತು ಅವಳ ಸೀರೆಯಂಚಿನಲ್ಲಿ ಭಾನುವಾರದಿಂದ ಉಳಿದಿದ್ದ ಮುಳ್ಳುಬೀಜ ಕೀಳುತ್ತಿದ್ದೆ.