ಮೇಜಿನ ಮೇಲಿಟ್ಟ ನಂಬರ್ ಪ್ಲೇಟು

ಅವಳ ಎಡಗಾಲು ಬಲಗಾಲಿಗಿಂತ ನಾಲ್ಕು ಬೆರಳು ಗಿಡ್ಡ. ಜೆರಾಕ್ಸ್ ಯಂತ್ರದ ಮುಂದೆ ನಿಲ್ಲುವಾಗ ಆ ಕಾಲಿನ ಕೆಳಗೆ ಹಳೇ ಟೆಲಿಫೋನ್ ಡೈರೆಕ್ಟರಿ ಇಟ್ಟುಕೊಳ್ಳುತ್ತಿದ್ದಳು. ದೊಡ್ಡನೆಕ್ಕುಂದಿಯಲ್ಲಿ ಫ್ಯಾಕ್ಟರಿಗಳ ಕಡೆಗೆ ತಿರುಗುವ ರಸ್ತೆಯ ಮೂಲೆಯಲ್ಲಿ ಅವಳ ಅಂಗಡಿ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಯಾವ ಕಾಗದ ಬಂದರೂ ಅವಳ ಹತ್ತಿರವೇ ಒಯ್ಯುತ್ತಿದ್ದೆ.

ಬಾಯಿ ಒರಟು. ಅರ್ಜಿಯ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ, "ಅರ್ಥ ಆಯ್ತಾ? ಆಗ್ದಿದ್ರೆ ಸೈನ್ ಹಾಕ್ಬೇಡಿ" ಎನ್ನುತ್ತಿದ್ದಳು. ಹಿಂದೆ ನಿಂತವರು ಗೊಣಗಿದರೆ, "ಅರ್ಜೆಂಟಿದ್ರೆ ಪಕ್ಕದ ರೋಡಿಗೆ ಹೋಗು ಗುರು. ಅಲ್ಲಿ ಓದಲ್ಲ, ಬರೀ ಬಟನ್ ಒತ್ತುತ್ತಾರೆ."

ನನ್ನ ಮಗಳಿಗೆ ಗರ್ಭಕೋಶದಲ್ಲಿ ಗೆಡ್ಡೆ. ರಕ್ತ ಹೋಗಿ ಹೋಗಿ ಮುಖ ಸುಣ್ಣದ ಹಾಗಾಗಿತ್ತು. ಒಂದು ಕೊಡ ನೀರು ಎತ್ತಿದರೂ ಹೊಟ್ಟೆ ಹಿಡಿದುಕೊಂಡು ನಿಂತುಬಿಡುತ್ತಿದ್ದಳು. ಸೋಮವಾರ ಆಪರೇಷನ್ ಆಗಲೇಬೇಕು, ಶನಿವಾರದೊಳಗೆ ಪೂರ್ತಿ ಕಟ್ಟದಿದ್ದರೆ ಆ ದಿನ ಬೇರೆಯವರಿಗೆ ಎಂದರು ಆಸ್ಪತ್ರೆಯವರು. ಒಡವೆ ಆಗಲೇ ಗಿರವಿಗೆ ಹೋಗಿತ್ತು. ಉಳಿದದ್ದು ನಾನೂ ನನ್ನ ಗಂಡನೂ ಜಂಟಿಯಾಗಿ ಇಟ್ಟಿದ್ದ ಬ್ಯಾಂಕ್ ಖಾತೆಯಲ್ಲಿತ್ತು. ಶುಕ್ರವಾರ ತೆಗೆಯಲು ಹೋದರೆ ಅರ್ಧಕ್ಕರ್ಧ ಇಲ್ಲ. ಕಾರಿನ ಇನ್ಶೂರೆನ್ಸ್ ತಾನಾಗಿಯೇ ನವೀಕರಣ ಆಗಿ ದುಡ್ಡು ಹೋಗಿದೆ ಎಂದರು.

ಯಾವ ಕಾರು? ಗಂಡ ಸತ್ತು ವರ್ಷವಾಗಿತ್ತು. ಅವರ ಹಳೇ ಕಾರನ್ನು ಗುಜರಿಯವನಿಗೆ ಮಾರಿ ಆರು ತಿಂಗಳಾಗಿತ್ತು. ಇನ್ಶೂರೆನ್ಸ್ ಆಫೀಸಿಗೆ ಓಡಿದೆ. ಅಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿಕೊಂಡೇ ಹೇಳಿದ: "ವರ್ಷ ವರ್ಷ ಕಟ್ ಮಾಡ್ಕೊಳ್ಳಿ ಅಂತ ನಿಮ್ಮೆಜಮಾನ್ರೇ ಒಪ್ಪಿಗೆ ಕೊಟ್ಟಿದ್ದಾರೆ ಮೇಡಂ. ಕಾರು ಇಲ್ಲ ಅನ್ನೋದಕ್ಕೆ ದಾಖಲೆ ಏನಿದೆ?"

"ಎಲೆ ಅಡಿಕೆ ಇಸ್ಕೊಂಡು ಕೊಟ್ಟಿದ್ದೀನಪ್ಪ."

ಅವನು ನಕ್ಕುಬಿಟ್ಟ. ನಮ್ಮ ಮನೆಯಲ್ಲಿ ಹಸು ಮಾರಿದರೂ ಅಷ್ಟೇ, ತಾಂಬೂಲ ಕೈಗೆ ಬಂದರೆ ವ್ಯಾಪಾರ ಮುಗಿಯಿತು. ಕಾರಿಗೂ ಹಾಗೇ ಮಾಡಿದ್ದೆ. ಚೂರು ಕಾಗದ ಬರೆಸಿಕೊಂಡಿರಲಿಲ್ಲ.

ಬಂದು ಅವಳ ಅಂಗಡಿ ಮೆಟ್ಟಿಲ ಮೇಲೆ ಕುಸಿದೆ. "ನನ್ ಮಗಳು ಸಾಯ್ತಾಳೆ ಕಣೇ. ನಿನ್ನ ಕಾಗದಕ್ಕಿಷ್ಟು ಬೆಂಕಿ ಹಾಕ" ಎಂದು ಅವಳಿಗೇ ಬೈದೆ.

"ಬೈಯೋದು ಆಮೇಲೆ ಬೈಯಿರಿ ಅಜ್ಜಿ. ಕಾರು ಯಾರಿಗೆ ಕೊಟ್ರಿ?"

ಶಟರ್ ಎಳೆದಳು. ಆಟೋದಲ್ಲಿ ಗುಜರಿ ಅಂಗಡಿಗೆ ಹೋದೆವು. ಗುಜರಿಯವನು ತಲೆ ಕೆರೆದುಕೊಂಡ. "ಅದೆಲ್ಲ ಅವತ್ತೇ ಕರಗಿ ಹೋಯ್ತಕ್ಕ. ನಂಬರ್ ಪ್ಲೇಟ್ ಒಂದಿದೆ, ಶೆಡ್ಡಿನ ತೂತಿಗೆ ಅಡ್ಡ ಹೊಡೆದಿದ್ದೀನಿ."

"ಕೀಳಣ್ಣ."

"ಇಲಿ ಬರ್ತವೆ ಅಕ್ಕ!"

"ಬರ್ಲಿ ಬಿಡು. ಮೊದ್ಲು ಇದಕ್ಕೊಂದು ಸೈನ್ ಹಾಕು" ಎಂದು, ಕಾರು ಕೊಂಡು ಒಡೆದದ್ದು ತಾನೇ ಎಂದು ಅವನ ಪರವಾಗಿ ಬರೆದು, ಗಟ್ಟಿಯಾಗಿ ಓದಿ ಹೇಳಿ, ಸಹಿ ಹಾಕಿಸಿಕೊಂಡಳು.

ಶನಿವಾರ ಬೆಳಿಗ್ಗೆ ಮತ್ತೆ ಆಫೀಸಿಗೆ. ಎರಡು ಮಹಡಿ ಮೆಟ್ಟಿಲು. ಆ ಕಾಲಿನಲ್ಲಿ ಕಂಬಿ ಹಿಡಿದು ಹತ್ತಿದಳು, ನಾನು ಕೈ ಕೊಟ್ಟರೆ ತಳ್ಳಿದಳು. ಒಳಗೆ ಹೋದವಳೇ ಆ ಹುಡುಗನ ಮೇಜಿನ ಮೇಲೆ ಪ್ಲೇಟನ್ನು ಧಡ್ ಎಂದು ಇಟ್ಟಳು. ಆಯುಧಪೂಜೆಯ ಕುಂಕುಮ ಇನ್ನೂ ಅದರ ಅಂಚಿಗೆ ಅಂಟಿತ್ತು.

"ಇದೇ ಸಾರ್ ಕಾರು. ಇಷ್ಟೇ ಉಳಿದಿರೋದು. ಗುದ್ದಿದ್ರೆ ದುಡ್ಡು ಕೊಡ್ತೀರಾ?"

ಆಫೀಸೆಲ್ಲ ತಿರುಗಿ ನೋಡಿತು. ಒಳಗಿನಿಂದ ದೊಡ್ಡ ಸಾಹೇಬರು ಬಂದರು. ಗುಜರಿಯವನ ಕಾಗದ, ಗಂಡನ ಮರಣಪತ್ರ ಎಲ್ಲಾ ನೋಡಿ, ರದ್ದು ಮಾಡುತ್ತೇವೆ, ಆದರೆ ಹಣ ವಾಪಸ್ಸಾಗಲು ಏಳು ದಿನ ಬೇಕು ಎಂದರು. ಸೋಮವಾರ ಎಲ್ಲಿ, ಏಳು ದಿನ ಎಲ್ಲಿ!

ಅವಳು ಕುರ್ಚಿ ಎಳೆದು ಕೂತಳು. "ಅದನ್ನೇ ಬರೆದು ಸೀಲ್ ಹಾಕ್ಕೊಡಿ. ಅಲ್ಲಿವರೆಗೂ ನಾನು ಏಳಲ್ಲ. ಕಾಲು ನೋಡಿದ್ರಲ್ಲ?"

ಆ ಸೀಲು ಬಿದ್ದ ಕಾಗದ ಹಿಡಿದು ಆಸ್ಪತ್ರೆಗೆ ಹೋದೆವು. ಬಿಲ್ ಕೌಂಟರಿನವಳು ಒಪ್ಪಲಿಲ್ಲ. ಇವಳು ಬಿಡಲಿಲ್ಲ. ಕೊನೆಗೆ ಉಳಿದ ಹಣಕ್ಕೆ ಜಾಮೀನು ಯಾರು ಎಂದು ಕೇಳಿದಾಗ, "ನಾನು" ಎಂದು ತನ್ನ ಅಂಗಡಿಯ ಲೈಸೆನ್ಸಿನ ನಕಲು ಕೊಟ್ಟು ಸಹಿ ಹಾಕಿದಳು. ಅವಳಿಗೆ ಇದ್ದದ್ದು ಆ ಅಂಗಡಿ ಒಂದೇ. ಸೋಮವಾರ ಆಪರೇಷನ್ ಆಯಿತು.

ದುಡ್ಡು ಬಂದದ್ದು ಒಂಬತ್ತನೇ ದಿನ. ಅವಳಿಗೆ ಹೇಳಿದರೆ, "ಎರಡು ದಿನ ಲೇಟು, ಕಂಪ್ಲೇಂಟ್ ಬರೀಲಾ?" ಎಂದಳು. ಬೈದದ್ದು ತಪ್ಪಾಯಿತು ಎಂದು ನಾನೂ ಅನ್ನಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ನನಗೆ ಅಂಥ ಮಾತು ಬರುವುದಿಲ್ಲ.

ಈ ವರ್ಷ ಯುಗಾದಿ ಆದ ಮರುವಾರ ಅಂಗಡಿಯಲ್ಲೇ ಎದೆನೋವು ಬಂದು ಹೋಗಿಬಿಟ್ಟಳು. ಊರಿನಿಂದ ಅಣ್ಣ ಒಬ್ಬ ಬಂದ, ಹೆಂಗಸರು ಯಾರೂ ಬರಲಿಲ್ಲ. ಮೈ ತೊಳೆಯುವುದು ಯಾರು ಎಂದು ಬೀದಿಯವರು ಮುಖ ಮುಖ ನೋಡುತ್ತಿದ್ದಾಗ ನನ್ನ ಮಗಳು ಸೆರಗು ಸಿಕ್ಕಿಸಿಕೊಂಡು ಎದ್ದಳು. ನಲ್ಲಿಯಿಂದ ಹನ್ನೊಂದು ಕೊಡ ನೀರು ಒಬ್ಬಳೇ ಹೊತ್ತು ತಂದಳು. ಒಂದು ಸಲವೂ ಹೊಟ್ಟೆ ಹಿಡಿದುಕೊಂಡು ನಿಲ್ಲಲಿಲ್ಲ. ನಾನು ನೋಡುತ್ತಾ ಕೂತಿದ್ದೆ.